ಕೃತಕ ಸೂರ್ಯನಿಗೆ ಬಿದ್ದ 2.2 ಮಿಲಿಮೀಟರ್ ಬಿರುಕು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಆಡುಮಾತನ್ನು ಹೆಚ್ಚು ತಿದ್ದದೆ ಹಾಗೇ ಉಳಿಸಿಕೊಂಡಿದ್ದೇವೆ.)

 

ನಮ್ಮ ಇನ್‌ಬಾಕ್ಸ್‌ಗೆ ಒಂದು ಪ್ರಶ್ನೆ ಬರ್ತಾನೇ ಇರುತ್ತೆ. "ಚೀನಾದವರು ಕೃತಕ ಸೂರ್ಯ ಮಾಡಿಬಿಟ್ರಂತೆ, ನಿಜಾನಾ? ಹಾಗಾದ್ರೆ ಕರೆಂಟ್ ಸಮಸ್ಯೆ ಮುಗೀತಾ?" ಇದಕ್ಕೆ ಕಾರಣ ಒಂದು ಸುದ್ದಿ. 2025ರ ಜನವರಿಯಲ್ಲಿ ಚೀನಾದ ಹೆಫೆಯ್ ನಗರದಲ್ಲಿರೋ 'ಈಸ್ಟ್' ಅನ್ನೋ ಯಂತ್ರ 1,066 ಸೆಕೆಂಡ್ ಕಾಲ ಪ್ಲಾಸ್ಮಾವನ್ನ ಹಿಡಿದಿಟ್ಟಿತ್ತು. ಮುಂದಿನ ತಿಂಗಳೇ ಫ್ರಾನ್ಸಿನ 'ವೆಸ್ಟ್' ಅನ್ನೋ ಯಂತ್ರ 1,337 ಸೆಕೆಂಡ್ ಹಿಡಿದು ಆ ದಾಖಲೆ ಮುರೀತು. ಎರಡೂ ಸುದ್ದಿ ನಿಜ. ಆದ್ರೆ ಎರಡರಲ್ಲೂ ಟ್ರಿಟಿಯಮ್ ಅನ್ನೋ ಇಂಧನ ಇರಲಿಲ್ಲ, ಹೇಳಿಕೊಳ್ಳೋವಷ್ಟು ಸಮ್ಮಿಲನ ಶಕ್ತಿಯೂ ಬರಲಿಲ್ಲ. ಅಡುಗೆಮನೆ ಕಟ್ಟಿ, ಒಲೆ ಹಚ್ಚಿ ನೋಡಿದ್ರು ಅಷ್ಟೇ. ಅಕ್ಕಿ ಇನ್ನೂ ಹಾಕಿಲ್ಲ.

ಹಾಗಾಗಿ ಇವತ್ತು ನಾನು ಸೂರ್ಯನಿಂದ ಶುರು ಮಾಡಲ್ಲ. ಒಂದು ಪೈಪಿನಿಂದ ಶುರು ಮಾಡ್ತೀನಿ.

ದಕ್ಷಿಣ ಫ್ರಾನ್ಸಿನ ಕಾದರಾಶ್‌ನಲ್ಲಿ ಈಟರ್ ಅಂತ ಒಂದು ಯೋಜನೆ ನಡೀತಿದೆ. ಸ್ಪೆಲ್ಲಿಂಗ್ ಐ-ಟಿ-ಇ-ಆರ್, ಓದೋದು ಈಟರ್. ಯುರೋಪಿಯನ್ ಒಕ್ಕೂಟ, ಅಮೆರಿಕ, ರಷ್ಯಾ, ಚೀನಾ, ಜಪಾನ್, ದಕ್ಷಿಣ ಕೊರಿಯಾ ಮತ್ತು ಭಾರತ ಸೇರಿ ಕಟ್ತಿರೋ ಜಗತ್ತಿನ ಅತಿ ದೊಡ್ಡ ಸಮ್ಮಿಲನ ಯಂತ್ರ. ಜಗಳ ಆಡೋ ದೇಶಗಳೆಲ್ಲ ಒಂದೇ ಸೂರಿನ ಕೆಳಗೆ ಬೋಲ್ಟ್ ಬಿಗೀತಿವೆ ಅನ್ನೋದೇ ಒಂದು ಸೋಜಿಗ, ಅದಿರಲಿ. 2021ರ ನವೆಂಬರ್‌ನಲ್ಲಿ ಅಲ್ಲಿ ಒಂದು ಭಾಗಕ್ಕೆ ಹೀಲಿಯಮ್ ಬಿಟ್ಟು ಸೋರಿಕೆ ಪರೀಕ್ಷೆ ಮಾಡ್ತಿದ್ರು. ಸೈಕಲ್ ಟ್ಯೂಬ್ ಪಂಕ್ಚರ್ ಆದಾಗ ನೀರಿನ ಬಕೆಟ್‌ಗೆ ಅದ್ದಿ ಗುಳ್ಳೆ ಎಲ್ಲಿ ಬರುತ್ತೆ ಅಂತ ನೋಡ್ತೀವಲ್ಲ, ಅದರ ಅತಿ ಸೂಕ್ಷ್ಮ ರೂಪ ಅಂದ್ಕೊಳ್ಳಿ. ಗುಳ್ಳೆ ಬಂತು. ಅಂದ್ರೆ ಪೈಪ್ ಸೋರ್ತಿತ್ತು.

ಹುಡುಕ್ತಾ ಹೋದಾಗ ಸಿಕ್ಕಿದ್ದು ಕೂದಲೆಳೆಯಂಥ ಬಿರುಕುಗಳು. ಕೆಲವು 2.2 ಮಿಲಿಮೀಟರ್ ಆಳ. ಒಂದು ಕಡೆ ಇದ್ದಿದ್ರೆ ತೇಪೆ ಹಾಕಿ ಮುಗಿಸ್ತಿದ್ರೇನೋ. ಆದ್ರೆ ಬಿರುಕಿಗೆ ಕಾರಣ ಏನು ಅಂತ ಗೊತ್ತಾದ ಮೇಲೆ, ಅದೇ ರೀತಿ ತಯಾರಾದ ಬೇರೆ ಭಾಗಗಳನ್ನೂ ನಂಬೋ ಹಾಗಿರಲಿಲ್ಲ. ಕೊನೆಗೆ ತೀರ್ಮಾನ ಆಗಿದ್ದು, ಸುಮಾರು 23 ಕಿಲೋಮೀಟರ್ ಪೈಪನ್ನ ಕಿತ್ತು ಹೊಸದು ಹಾಕಬೇಕು ಅಂತ.

ಇದರಲ್ಲಿ ಹೊಟ್ಟೆ ಉರಿಸೋ ಭಾಗ ಇನ್ನೊಂದಿದೆ. 2022ರ ಮೇ ತಿಂಗಳಲ್ಲಿ, ಇದೇ ಥರದ ಪೈಪುಗಳನ್ನ ಹೊತ್ತಿದ್ದ ಮೊದಲ ದೊಡ್ಡ ಹೋಳನ್ನ, ಸಾವಿರ ಟನ್‌ಗೂ ಮೀರಿದ ತೂಕದ್ದನ್ನ, ಕ್ರೇನ್‌ನಲ್ಲಿ ಎತ್ತಿ ಗುಂಡಿಯೊಳಗೆ ಇಳಿಸಿ ಕೂರಿಸಿದ್ರು. ಎಲ್ಲರೂ ಚಪ್ಪಾಳೆ ತಟ್ಟಿದ್ರು. ಯೋಜನೆಯ ಮಹಾನಿರ್ದೇಶಕರಾಗಿದ್ದ ಬರ್ನಾರ್ ಬಿಗೋ ಅದೇ ತಿಂಗಳು ತೀರಿಕೊಂಡರು. ಅವರ ನಂತರ ಬಂದ ಪಿಯೆತ್ರೊ ಬರಬಾಸ್ಕಿ ಅವರ ಪಾಲಿಗೆ ಬಂದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಏನು ಗೊತ್ತಾ? ಆ ಹೋಳನ್ನ ವಾಪಸ್ ಮೇಲೆತ್ತಬೇಕು ಅಂತ ಜಗತ್ತಿಗೆ ಹೇಳೋದು. 2023ರ ಜುಲೈನಲ್ಲಿ ಎತ್ತಿದ್ರು. ಮನೆ ಗೃಹಪ್ರವೇಶ ಆದಮೇಲೆ ತಳಪಾಯ ಅಗೆದು ನೋಡೋಣ ಅಂದ ಹಾಗೆ. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಅತಿ ಧೈರ್ಯದ ಕೆಲಸ ಅದೇ. ಕೂರಿಸೋಕೆ ಬೇಕಾದ್ದಕ್ಕಿಂತ ಹೆಚ್ಚು ಎದೆಗಾರಿಕೆ, ಕೂರಿಸಿದ್ದನ್ನ ಎಲ್ಲರೆದುರು ಎತ್ತೋಕೆ ಬೇಕು.

ಈಗ ಪ್ರಶ್ನೆ. ಒಂದು ಪೈಪಿನ ಬಿರುಕಿಗೆ ಇಷ್ಟೊಂದು ಯಾಕೆ?

ಅದಕ್ಕೆ ಯಂತ್ರದ ಒಳಗೆ ಏನಿದೆ ಅಂತ ಸ್ವಲ್ಪ ನೋಡಬೇಕು. ಭೌತಶಾಸ್ತ್ರ ಬೇಗ ಮುಗಿಸ್ತೀನಿ, ಹೆದರಬೇಡಿ. ಹೈಡ್ರೋಜನ್‌ನ ಎರಡು ಅಣ್ಣತಮ್ಮಂದಿರು, ಡ್ಯೂಟೀರಿಯಮ್ ಮತ್ತು ಟ್ರಿಟಿಯಮ್. ಇವೆರಡರ ನ್ಯೂಕ್ಲಿಯಸ್‌ಗಳು ಬೆಸೆದುಕೊಂಡ್ರೆ ಹೀಲಿಯಮ್ ಆಗುತ್ತೆ, ಜೊತೆಗೆ ಒಂದು ನ್ಯೂಟ್ರಾನ್ ಚಿಮ್ಮುತ್ತೆ, ಶಕ್ತಿ ಬಿಡುಗಡೆ ಆಗುತ್ತೆ. ಆದ್ರೆ ಎರಡಕ್ಕೂ ಧನ ವಿದ್ಯುದಂಶ, ಒಂದನ್ನೊಂದು ದೂಡ್ತವೆ. ಹತ್ತಿರ ತರೋಕೆ 15 ಕೋಟಿ ಡಿಗ್ರಿ ಸೆಲ್ಸಿಯಸ್ ಬೇಕು. ಸೂರ್ಯನ ಒಡಲಲ್ಲೇ ಇರೋದು ಒಂದೂವರೆ ಕೋಟಿ. ಅದರ ಹತ್ತು ಪಟ್ಟು.

ಅಷ್ಟು ಬಿಸಿ ಅನಿಲವನ್ನ, ಅಂದ್ರೆ ಪ್ಲಾಸ್ಮಾವನ್ನ, ಯಾವ ಪಾತ್ರೆಯಲ್ಲಿ ಇಡ್ತೀರಿ? ಪಾತ್ರೆಗೆ ತಾಗದ ಹಾಗೆ ಕಾಂತಕ್ಷೇತ್ರದಲ್ಲಿ ತೇಲಿಸಿ ಇಡ್ತಾರೆ. ಪಾತ್ರೆಯ ಆಕಾರ ಉದ್ದಿನ ವಡೆ ಥರ, ಮಧ್ಯೆ ತೂತು. ಈ ವಿನ್ಯಾಸಕ್ಕೆ ಟೋಕಾಮಾಕ್ ಅಂತ ಹೆಸರು. 1950ರ ದಶಕದಲ್ಲಿ ಸೋವಿಯತ್ ರಷ್ಯಾದಲ್ಲಿ ಹುಟ್ಟಿದ್ದು. ನಮ್ಮಲ್ಲೂ ಇದೆ. ಗುಜರಾತಿನ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲೇ 'ಆದಿತ್ಯ' ಅನ್ನೋ ಟೋಕಾಮಾಕ್ ಶುರುವಾಗಿತ್ತು.

ವಡೆಯ ಸುತ್ತ ದೊಡ್ಡ ದೊಡ್ಡ ಕಾಂತದ ಸುರುಳಿಗಳು. ಈಟರ್‌ನಲ್ಲಿ ಇವು ಅತಿವಾಹಕ ಸುರುಳಿಗಳು, ಅಂದ್ರೆ ವಿದ್ಯುತ್ತಿಗೆ ಯಾವ ತಡೆಯೂ ಒಡ್ಡದ ತಂತಿ. ಹಾಗೆ ಕೆಲಸ ಮಾಡಬೇಕಾದ್ರೆ ಮೈನಸ್ 269 ಡಿಗ್ರಿಯಲ್ಲಿ ಇರಬೇಕು. ಬ್ರಹ್ಮಾಂಡದಲ್ಲಿ ಸಾಧ್ಯ ಇರೋ ಅತಿ ಕಡಿಮೆ ತಾಪಮಾನ ಮೈನಸ್ 273. ಅದಕ್ಕಿಂತ ನಾಲ್ಕೇ ಡಿಗ್ರಿ ಮೇಲೆ.

ಈಗ ಚಿತ್ರ ಕಣ್ಮುಂದೆ ತಂದ್ಕೊಳ್ಳಿ. ಇಲ್ಲಿ 15 ಕೋಟಿ ಡಿಗ್ರಿ. ಅಲ್ಲಿಂದ ಕೆಲವೇ ಮೀಟರ್ ದೂರದಲ್ಲಿ ಮೈನಸ್ 269. ಒಂದು ಬಿಎಂಟಿಸಿ ಬಸ್ಸಿನ ಉದ್ದದೊಳಗೆ ಈ ಎರಡೂ ಇರಬೇಕು, ಒಂದಕ್ಕೊಂದು ಗೊತ್ತಾಗದ ಹಾಗೆ.

ಆ ಪೈಪ್ ಇರೋದು ಇವೆರಡರ ನಡುವೆ. ನಿಮ್ಮ ಮನೆಯ ಫ್ಲಾಸ್ಕ್ ಒಡೆದಾಗ ಒಳಗೆ ಬೆಳ್ಳಿ ಥರ ಹೊಳೆಯೋ ಗಾಜು ನೋಡಿರ್ತೀರಿ. ಶಾಖವನ್ನ ಕನ್ನಡಿ ಹಾಗೆ ವಾಪಸ್ ಕಳಿಸೋಕೆ ಆ ಲೇಪ. ಈಟರ್‌ನಲ್ಲೂ ಅದೇ ಉಪಾಯ. ಬಿಸಿ ಪಾತ್ರೆಗೂ ತಣ್ಣನೆ ಕಾಂತಕ್ಕೂ ನಡುವೆ ಬೆಳ್ಳಿ ಲೇಪದ ಸ್ಟೇನ್‌ಲೆಸ್ ಸ್ಟೀಲ್ ಹಲಗೆಗಳ ಪರದೆ. ಅದಕ್ಕೆ ಬೆಸೆದ ಪೈಪಿನಲ್ಲಿ ಮೈನಸ್ 193 ಡಿಗ್ರಿಯ ಹೀಲಿಯಮ್ ಹರೀತಿರುತ್ತೆ. ಪೈಪನ್ನ ಬಗ್ಗಿಸಿ ವೆಲ್ಡ್ ಮಾಡಿದಾಗ ಲೋಹದೊಳಗೆ ಒಂದು ಬಿಗಿತ ಉಳೀತು. ವೆಲ್ಡಿಂಗ್ ಪಕ್ಕದ ಸಣ್ಣ ಸಂದುಗಳಲ್ಲಿ ಕ್ಲೋರಿನ್ ಅಂಶ ಉಳಿದುಬಿಟ್ಟಿತ್ತು. ಬಿಗಿತ ಮತ್ತು ಕ್ಲೋರಿನ್ ಸೇರಿದ್ರೆ ಸ್ಟೇನ್‌ಲೆಸ್ ಸ್ಟೀಲ್ ನಿಧಾನಕ್ಕೆ ಸೀಳುತ್ತೆ. ಇದು ಹೊಸ ವಿಜ್ಞಾನ ಏನಲ್ಲ. ಕರಾವಳಿ ಕಡೆ ಉಪ್ಪುಗಾಳಿಯಲ್ಲಿ ಸ್ಟೀಲ್ ಟ್ಯಾಂಕ್ ಕೆಲಸ ಮಾಡೋ ಫ್ಯಾಬ್ರಿಕೇಶನ್‌ನವರನ್ನ ಕೇಳಿದ್ರೂ ಹೇಳ್ತಾರೆ. ಗೊತ್ತಿರೋ ಶತ್ರು. ಆದ್ರೂ ಒಳಗೆ ಬಂದುಬಿಟ್ಟ.

ಪರದೆ ಸೋರಿದ್ರೆ ಹೀಲಿಯಮ್ ನಿರ್ವಾತಕ್ಕೆ ನುಗ್ಗುತ್ತೆ. ಫ್ಲಾಸ್ಕಿನ ಗೋಡೆ ನಡುವೆ ಗಾಳಿ ಹೋದ್ರೆ ಕಾಫಿ ಆರೋ ಹಾಗೆ, ಇಲ್ಲಿ ಕಾಂತ ಬಿಸಿಯಾಗುತ್ತೆ. ಯಂತ್ರ ಪೂರ್ತಿ ಜೋಡಿಸಿದ ಮೇಲೆ ಸೋರಿದ್ರೆ? ಅಲ್ಲಿಗೆ ಕೈ ಹೋಗಲ್ಲ. ಕಾರ್ ಕೆಟ್ರೆ ಬಾನೆಟ್ ಎತ್ತಬಹುದು. ಇದಕ್ಕೆ ಬಾನೆಟ್ ಇಲ್ಲ. ಅದಕ್ಕೇ ಬರಬಾಸ್ಕಿ ಈ ತೊಂದರೆ ಈಗಲೇ ಕಂಡಿದ್ದು ಒಳ್ಳೇದಾಯ್ತು ಅನ್ನೋ ಅರ್ಥದಲ್ಲಿ ಮಾತಾಡಿದ್ದರು. ಸಮಾಧಾನದ ಮಾತು ಅನ್ನಿಸಬಹುದು, ಆದ್ರೆ ಲೆಕ್ಕ ಹಾಕಿದ್ರೆ ನಿಜ.

ಅದೇ ಹೊತ್ತಿಗೆ ಇನ್ನೊಂದು ತಲೆನೋವೂ ಬಂತು. ವಡೆ ಆಕಾರದ ಪಾತ್ರೆಯನ್ನ ಒಂದೇ ತುಂಡಲ್ಲಿ ಮಾಡೋಕಾಗಲ್ಲ. ಒಂಬತ್ತು ಹೋಳು, ಒಂದೊಂದೂ ಸುಮಾರು 440 ಟನ್. ಕೆಲವು ಕೊರಿಯಾದಿಂದ, ಕೆಲವು ಯುರೋಪಿನಿಂದ. ಕಿತ್ತಳೆ ತೊಳೆಗಳನ್ನ ಮತ್ತೆ ಸೇರಿಸಿ ಹಣ್ಣು ಮಾಡೋ ಹಾಗೆ ಇವನ್ನ ಜೋಡಿಸಿ ವೆಲ್ಡ್ ಮಾಡಬೇಕು. ಬಂದ ಹೋಳುಗಳ ಅಂಚು ಅಳತೆಗೆ ಸರಿಯಾಗಿ ಕೂರಲಿಲ್ಲ.

ನಮ್ಮ ಮಾವ ಒಬ್ಬರು ಪೀಣ್ಯದಲ್ಲಿ ವೆಲ್ಡಿಂಗ್ ಶೆಡ್ ಇಟ್ಟಿದ್ರು. ಗೇಟ್ ಮಾಡೋವಾಗ ಮೊದಲು ನಾಲ್ಕು ಮೂಲೆಗೂ ಸಣ್ಣ ಚುಕ್ಕೆ ವೆಲ್ಡ್ ಹಾಕಿ, ಮಟ್ಟ ನೋಡಿ, ಆಮೇಲೆ ಎದುರುಬದುರು ಮೂಲೆ ಹಿಡೀತಿದ್ರು. ಯಾಕೆ ಮಾವ ಅಂದ್ರೆ, "ಕಬ್ಬಿಣ ಆರುವಾಗ ಎಳ್ಕೊಳ್ಳುತ್ತಪ್ಪಾ, ಒಂದೇ ಕಡೆಯಿಂದ ಹೊಡ್ಕೊಂಡು ಹೋದ್ರೆ ಗೇಟ್ ಸೊಟ್ಟಗಾಗುತ್ತೆ" ಅಂತಿದ್ರು. ಆರಡಿ ಗೇಟಿಗೇ ಹೀಗೆ. ಇಲ್ಲಿ ಗೋಡೆ 6 ಸೆಂಟಿಮೀಟರ್ ದಪ್ಪ, ಅದೂ ಎರಡು ಪದರ, ಎತ್ತರ ನಾಲ್ಕು ಮಹಡಿ ಮನೆಯಷ್ಟು, ಎಲ್ಲಾ ಕಡೆ ಬಾಗಿದ ಆಕಾರ. ಕೂಡಿಸೋ ವೆಲ್ಡಿಂಗ್ ಮಾಡೋದು ರೋಬೋ. ರೋಬೋ ಅಂಚು ಮಿಲಿಮೀಟರ್ ಲೆಕ್ಕದಲ್ಲಿ ಸರಿಯಿರಬೇಕು ಅಂತ ಬಯಸುತ್ತೆ. ಮಾವನ ಹಾಗೆ "ಅಡ್ಜಸ್ಟ್ ಮಾಡೋಣ ಬಿಡು" ಅನ್ನಲ್ಲ. 2022ರ ಆರಂಭದಲ್ಲೇ ಫ್ರಾನ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರ ಜೋಡಣೆಗೆ ತಡೆ ಹಾಕಿ, ಮೊದಲು ನಮ್ಮ ಪ್ರಶ್ನೆಗಳಿಗೆ ಉತ್ತರ ಕೊಡಿ ಅಂದಿತ್ತು. ಕೊನೆಗೆ ಅಂಚುಗಳಿಗೆ ಲೋಹ ತುಂಬಿ, ಮತ್ತೆ ಕೊರೆದು, ಅಳತೆಗೆ ತಂದ್ರು.

ಇಲ್ಲಿ ಒಂದು ಬೆಂಗಳೂರು ವಿಷಯ ಹೇಳಲೇಬೇಕು, ನಮ್ಮವರಿಗೇ ಹೆಚ್ಚು ಗೊತ್ತಿಲ್ಲ. ಆ ಪಾತ್ರೆಯ ಎರಡು ಗೋಡೆಗಳ ನಡುವೆ ಜಾಗ ಇದೆಯಲ್ಲ, ಅದರ ಅರ್ಧಕ್ಕಿಂತ ಹೆಚ್ಚು ಭಾಗ ಸ್ಟೀಲ್ ದಿಮ್ಮಿಗಳಿಂದ ತುಂಬಿದೆ. ಸುಮಾರು 9,000 ದಿಮ್ಮಿಗಳು. ಕೆಲವದ್ರಲ್ಲಿ ಬೋರಾನ್ ಬೆರೆಸಿರ್ತಾರೆ, ಅದು ನ್ಯೂಟ್ರಾನ್ ನುಂಗುತ್ತೆ. ಇನ್ನು ಕೆಲವು ಕಾಂತಕ್ಕೆ ಅಂಟೋ ಜಾತಿಯ ಸ್ಟೀಲ್, ಅದು ಕಾಂತಕ್ಷೇತ್ರದ ಏರಿಳಿತ ತಗ್ಗಿಸುತ್ತೆ. ಇದು ಭಾರತದ ಪಾಲಿನ ಕೆಲಸ. ಮಾಡಿದ್ದು ಬೆಂಗಳೂರಿನ ಅವಸರಾಲ ಟೆಕ್ನಾಲಜೀಸ್. ಇಲ್ಲಿಂದ ಕೊರಿಯಾಕ್ಕೂ ಇಟಲಿಗೂ ಹೋಗಿ, ಅಲ್ಲಿ ಗೋಡೆಯೊಳಗೆ ಸೇರಿ, ಅಲ್ಲಿಂದ ಫ್ರಾನ್ಸಿಗೆ. ಇಡೀ ಯಂತ್ರವನ್ನ ಮುಚ್ಚೋ ಹೊರಗಿನ ದೊಡ್ಡ ಡಬ್ಬ, ಕ್ರಯೋಸ್ಟಾಟ್ ಅಂತಾರೆ, ಅದೂ ನಮ್ಮದೇ. ಗುಜರಾತಿನ ಹಜೀರಾದಲ್ಲಿ ಎಲ್ ಅಂಡ್ ಟಿ ಮಾಡಿದ್ದು. 3,850 ಟನ್, ಎತ್ತರ ಅಗಲ ಎರಡೂ ಸುಮಾರು 30 ಮೀಟರ್. ಇಡಿಯಾಗಿ ಹಡಗಿಗೆ ಹಿಡಿಸಲ್ಲ, 54 ತುಂಡು ಮಾಡಿ ಕಳಿಸಿದ್ರು.

ಕಾಂತದ ಕಥೆಗೆ ಬರೋಣ. ನನಗೆ ಇದರಲ್ಲಿ ಅತಿ ಇಷ್ಟವಾದ ಭಾಗ ಇದು.

ಈಟರ್‌ನ ಮುಖ್ಯ ಸುರುಳಿಗಳು ನಿಯೋಬಿಯಮ್ ಮತ್ತು ತವರ ಸೇರಿದ ಲೋಹದ್ದು. ಬಲವಾದ ಕಾಂತಕ್ಷೇತ್ರದಲ್ಲೂ ಅತಿವಾಹಕವಾಗಿ ಉಳಿಯುತ್ತೆ, ಅದಕ್ಕೇ ಅದು ಬೇಕು. ಆದ್ರೆ ಒಂದು ಕೊರತೆ. ಅದು ಪಿಂಗಾಣಿ ಥರ, ಬಗ್ಗಿಸಿದ್ರೆ ಟಣ್ ಅಂತ ಮುರಿಯುತ್ತೆ. ಬಗ್ಗದ ತಂತಿಯಿಂದ ಸುರುಳಿ ಮಾಡೋದು ಹೇಗೆ?

ನಮ್ಮ ಅಜ್ಜಿಯಂದಿರಿಗೆ ಉತ್ತರ ಗೊತ್ತು. ಚಕ್ಕುಲಿಯನ್ನ ಕರಿದ ಮೇಲೆ ಸುತ್ತೋಕಾಗುತ್ತಾ? ಹಿಟ್ಟು ಮೆತ್ತಗಿದ್ದಾಗಲೇ ಸುತ್ತಿ, ಆಮೇಲೆ ಎಣ್ಣೆಗೆ ಬಿಡಬೇಕು. ಇಲ್ಲೂ ಅಷ್ಟೇ. ನಿಯೋಬಿಯಮ್ ಮತ್ತು ತವರ ಬೇರೆ ಬೇರೆ ಎಳೆಗಳಾಗಿ ತಂತಿಯೊಳಗೆ ಇರುವಾಗಲೇ ಸುರುಳಿ ಸುತ್ತುತ್ತಾರೆ. ಆಮೇಲೆ ಇಡೀ ಸುರುಳಿಯನ್ನ ದೊಡ್ಡ ಕುಲುಮೆಗೆ ಹಾಕಿ ಸುಮಾರು 650 ಡಿಗ್ರಿಯಲ್ಲಿ ದಿನಗಟ್ಟಲೆ ಬೇಯಿಸ್ತಾರೆ. ಆಗ ಒಳಗೆ ಎರಡೂ ಬೆರೆತು ಅತಿವಾಹಕ ಆಗುತ್ತೆ, ಅವತ್ತಿನಿಂದ ಅದು ಪೆಡಸು. ಈ ಚಕ್ಕುಲಿಯ ಎತ್ತರ 17 ಮೀಟರ್. ಅಂಥವು 18. ಇವಕ್ಕೆ ಬೇಕಾದ ಎಳೆ ಒಟ್ಟು ಒಂದು ಲಕ್ಷ ಕಿಲೋಮೀಟರ್, ಭೂಮಿಯನ್ನ ಎರಡೂವರೆ ಸಲ ಸುತ್ತಬಹುದು.

ಮುಗೀತಾ? ಇಲ್ಲ. ಈ ತಂತಿಗಳನ್ನ ಹಗ್ಗದ ಹಾಗೆ ಹೊಸೆದು ಕೇಬಲ್ ಮಾಡ್ತಾರೆ. ಮಧ್ಯದ ಕಂಬದಂಥ ಕಾಂತಕ್ಕೆ, ಸೆಂಟ್ರಲ್ ಸೊಲೆನಾಯ್ಡ್ ಅಂತಾರೆ, ವಿದ್ಯುತ್ ಹತ್ತಾರು ಸಾವಿರ ಸಲ ಏರಬೇಕು, ಇಳೀಬೇಕು. ಸ್ವಿಟ್ಜರ್ಲೆಂಡಿನ ಸುಲ್ತಾನ್ ಅನ್ನೋ ಪರೀಕ್ಷಾ ಘಟಕದಲ್ಲಿ 2010ರ ಆಸುಪಾಸಿನಲ್ಲಿ ಮಾದರಿ ಕೇಬಲ್ ಇಟ್ಟು ನೋಡಿದಾಗ, ಪ್ರತಿ ಏರಿಳಿತಕ್ಕೂ ಅದರ ತಾಕತ್ತು ಸ್ವಲ್ಪ ಸ್ವಲ್ಪವೇ ಕುಸೀತಾ ಹೋಯ್ತು. ಕಾಂತದ ಬಲಕ್ಕೆ ಸಿಕ್ಕ ಎಳೆಗಳು ಕೇಬಲ್ ಒಳಗೇ ಮಿಸುಕಾಡಿ, ಬಾಗಿ, ಪೆಟ್ಟು ತಿಂತಿದ್ವು. ವರ್ಷಗಟ್ಟಲೆ ತಯಾರಿ ನಡೆದಿತ್ತು, ಇಲ್ಲಿ ನಿಂತ್ರೆ ಇಡೀ ಯಂತ್ರ ನಿಂತ ಹಾಗೆ. ಕೊನೆಗೆ ಸಿಕ್ಕ ಪರಿಹಾರ ಏನು ಅಂತೀರಿ? ಹಗ್ಗವನ್ನ ಇನ್ನೂ ಬಿಗಿಯಾಗಿ ಹೊಸೀರಿ. ಅಷ್ಟೇ. ಒಂದೊಂದು ತಿರುವಿನ ಉದ್ದ ಕಡಿಮೆ ಮಾಡಿದ್ರು, ಎಳೆಗಳು ಒಂದನ್ನೊಂದು ಗಟ್ಟಿಯಾಗಿ ಹಿಡಿದ್ವು, ಕುಸಿತ ನಿಂತಿತು. ಸೂಪರ್‌ಕಂಪ್ಯೂಟರ್ ಕಾಲದಲ್ಲೂ ಹಗ್ಗ ಹೊಸೆಯೋದು ಹೇಗೆ ಅನ್ನೋದು ದೊಡ್ಡ ಪ್ರಶ್ನೆ ಆಗಿತ್ತು!

ಕಾಂತಗಳಲ್ಲಿ ತುಂಬಿರೋ ಶಕ್ತಿ ಒಟ್ಟು 51 ಗಿಗಾಜೂಲ್. ನಮ್ಮ ಮೀಟರ್ ಲೆಕ್ಕಕ್ಕೆ ತಂದ್ರೆ ಸುಮಾರು 14,000 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯಲ್ಲಿ ಭಾಗಿಸಿದ್ರೆ 70 ಮನೆಗಳ ಒಂದು ತಿಂಗಳ ಕರೆಂಟ್. ಇಷ್ಟೇನಾ ಅನ್ನಬೇಡಿ. ಕಾಂತದ ಯಾವುದೋ ಒಂದು ಮೂಲೆ ಸ್ವಲ್ಪ ಬಿಸಿಯಾಗಿ ಅತಿವಾಹಕ ಗುಣ ಕಳ್ಕೊಂಡ್ರೆ, ಆ ಶಕ್ತಿಯೆಲ್ಲ ಅಲ್ಲೇ ಶಾಖವಾಗಿ ನುಗ್ಗುತ್ತೆ. ಅದಕ್ಕೆ ಮುಂಚೆ ಪತ್ತೆ ಹಚ್ಚಿ, ಕರೆಂಟನ್ನ ಹೊರಗಿನ ದೊಡ್ಡ ರೆಸಿಸ್ಟರ್‌ಗಳಿಗೆ ತಿರುಗಿಸಬೇಕು. ಕಾಂತದ ತಂತಿಯಲ್ಲಿ ಒಂದು ಕೆಟ್ಟ ಜಾಯಿಂಟ್ ಏನು ಮಾಡಬಹುದು ಅಂತ 2008ರ ಸೆಪ್ಟೆಂಬರ್‌ನಲ್ಲಿ ಜಿನೀವಾ ಬಳಿಯ ಲಾರ್ಜ್ ಹೇಡ್ರಾನ್ ಕೊಲೈಡರ್ ತೋರಿಸಿತ್ತು. ಶುರುವಾಗಿ ಹತ್ತೇ ದಿನಕ್ಕೆ ಟನ್‌ಗಟ್ಟಲೆ ಹೀಲಿಯಮ್ ಸುರಂಗಕ್ಕೆ ಸಿಡಿದು, ಯಂತ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ನಿಂತಿತು.

ಸರಿ, ಪಾತ್ರೆ ಆಯ್ತು, ಕಾಂತ ಆಯ್ತು. ಈಗ ಒಳಗಿನ ಗೋಡೆ.

ಪ್ಲಾಸ್ಮಾದ ತಳದಲ್ಲಿ ಬೂದಿ ಹೊರಹಾಕೋ ಜಾಗ ಒಂದಿದೆ. ಒಲೆಯ ಬೂದಿ ತೆಗೆಯೋ ಬಾಯಿ ಥರ. ಡೈವರ್ಟರ್ ಅಂತ ಅದರ ಹೆಸರು. ಅಲ್ಲಿ ಪ್ರತಿ ಚದರ ಮೀಟರಿಗೆ 10 ಮೆಗಾವಾಟ್ ಶಾಖ ಬೀಳುತ್ತೆ. ಕಲಬುರಗಿಯ ಮೇ ತಿಂಗಳ ನಡು ಮಧ್ಯಾಹ್ನದ ಬಿಸಿಲು ಅಂದ್ರೆ ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೋವಾಟ್. ಅದರ ಹತ್ತು ಸಾವಿರ ಪಟ್ಟು. ತಡಕೊಳ್ಳೋಕೆ ಟಂಗ್‌ಸ್ಟನ್ ಹಾಕ್ತಾರೆ, ಅದು ಕರಗೋದು 3,400 ಡಿಗ್ರಿ ದಾಟಿದ ಮೇಲೆ. ಆದ್ರೆ ಟಂಗ್‌ಸ್ಟನ್ ಹಿಂದೆ ನೀರು ಹರಿಯೋ ಪೈಪ್ ಇರೋದು ತಾಮ್ರದ ಮಿಶ್ರಲೋಹದ್ದು. ಬಿಸಿಗೆ ತಾಮ್ರ ಹಿಗ್ಗೋ ಅಳತೆ ಬೇರೆ, ಟಂಗ್‌ಸ್ಟನ್ ಹಿಗ್ಗೋ ಅಳತೆ ಬೇರೆ. ಎರಡನ್ನೂ ಬಿಡದಂತೆ ಬೆಸೆಯಬೇಕು, ಸಾವಿರಾರು ಸಲ ಬಿಸಿಯಾಗಿ ಆರಿದ್ರೂ ಕೀಲು ಸಡಿಲ ಆಗಬಾರದು.

ಸುತ್ತಲಿನ ಗೋಡೆಗೆ ಮೊದಲು ಬೆರಿಲಿಯಮ್ ಹಾಕೋದು ಅಂತಿತ್ತು. ಹಗುರ ಲೋಹ, ಚೂರುಪಾರು ಪ್ಲಾಸ್ಮಾಕ್ಕೆ ಬಿದ್ರೂ ಕೆಡಿಸಲ್ಲ. ಆದ್ರೆ ಬೇಗ ಕರಗುತ್ತೆ, ಅದರ ಪುಡಿ ಮನುಷ್ಯರ ಶ್ವಾಸಕೋಶಕ್ಕೆ ವಿಷ. ಈಗ ಅದನ್ನ ಬಿಟ್ಟು ಗೋಡೆಗೂ ಟಂಗ್‌ಸ್ಟನ್ನೇ ಅಂತ ಯೋಜನೆ ಬದಲಾಗಿದೆ. ಇದರಲ್ಲೂ ಸಂಕಟ ಇದೆ. ಭಾರದ ಟಂಗ್‌ಸ್ಟನ್ ಅಣು ಸ್ವಲ್ಪವೇ ಪ್ಲಾಸ್ಮಾದೊಳಗೆ ಹೋದ್ರೂ ಹಾಲಿಗೆ ಹುಳಿ ಹಿಂಡಿದ ಹಾಗೆ, ಶಕ್ತಿಯನ್ನೆಲ್ಲ ಹೊರಗೆ ಚೆಲ್ಲಿ ತಣ್ಣಗೆ ಮಾಡಿಬಿಡುತ್ತೆ. ಒಂದು ಕಷ್ಟ ಕೊಟ್ಟು ಇನ್ನೊಂದು ಕಷ್ಟ ತಗೊಂಡ ವ್ಯಾಪಾರ.

ಪ್ಲಾಸ್ಮಾ ಒಮ್ಮೊಮ್ಮೆ ಮಿಲಿಸೆಕೆಂಡುಗಳಲ್ಲಿ ಕುಸಿದುಬೀಳುತ್ತೆ ಅನ್ನೋದು ಬೇರೆ. ಅದರೊಳಗೆ ಹರಿಯೋದು 1.5 ಕೋಟಿ ಆಂಪಿಯರ್. ಅದು ದಿಢೀರ್ ನಿಂತ್ರೆ ಇಡೀ ಪಾತ್ರೆಗೆ ಏಟು. ಕುಸಿಯೋ ಸೂಚನೆ ಸಿಕ್ಕ ಕೂಡಲೇ ಹೆಪ್ಪುಗಟ್ಟಿಸಿದ ಅನಿಲದ ಗುಂಡುಗಳನ್ನ ಪುಡಿ ಮಾಡಿ ಒಳಗೆ ಹೊಡೆದು ಮೆತ್ತಗೆ ಆರಿಸೋ ವ್ಯವಸ್ಥೆ ತಯಾರಾಗ್ತಿದೆ.

ಇಷ್ಟೆಲ್ಲ ಆದಮೇಲೆ ಉಳಿಯೋದು ನ್ಯೂಟ್ರಾನ್. ನನ್ನ ಕೇಳಿದ್ರೆ ಅಸಲಿ ಪರೀಕ್ಷೆ ಇದೇ, ಈಟರ್ ಕೂಡ ಇದನ್ನ ಪೂರ್ತಿ ಬರೆಯಲ್ಲ.

ಸಮ್ಮಿಲನದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ನ್ಯೂಟ್ರಾನ್ ಹೊತ್ಕೊಂಡು ಹೋಗುತ್ತೆ. ಅದಕ್ಕೆ ವಿದ್ಯುದಂಶ ಇಲ್ಲ, ಕಾಂತಕ್ಕೆ ಬಗ್ಗಲ್ಲ. ನೇರ ಗೋಡೆಗೆ ನುಗ್ಗುತ್ತೆ. ಅದು ನುಗ್ಗಿ ಗೋಡೆ ಬಿಸಿಯಾದ್ರೇನೇ ನಮಗೆ ನೀರು ಕಾಯಿಸೋಕೆ, ಟರ್ಬೈನ್ ತಿರುಗಿಸೋಕೆ ಆಗೋದು. ಅದೇ ಏಟಿಗೆ ಗೋಡೆಯ ಸ್ಟೀಲಿನೊಳಗೆ ಅಣುಗಳು ಜಾಗ ಬಿಟ್ಟು ಕದಲ್ತವೆ, ಹೀಲಿಯಮ್ ಗುಳ್ಳೆಗಳು ಹುಟ್ಟುತ್ತವೆ, ಸ್ಟೀಲ್ ಪೆಡಸಾಗುತ್ತೆ. ಅಂಥ ಏಟನ್ನ ವರ್ಷಾನುಗಟ್ಟಲೆ ತಿನ್ನೋ ಸ್ಟೀಲನ್ನ ಪರೀಕ್ಷೆ ಮಾಡೋಕೆ ತಕ್ಕ ನ್ಯೂಟ್ರಾನ್ ಮೂಲವೇ ಇಲ್ಲ ಅಂತ, ಸ್ಪೇನಿನ ಗ್ರನಾಡಾ ಬಳಿ ಅದಕ್ಕಾಗೇ ಒಂದು ಘಟಕ ಕಟ್ತಿದ್ದಾರೆ. ಭಾರತವೂ ತನ್ನದೇ ಒಂದು ಸ್ಟೀಲ್ ತಯಾರಿಸಿಕೊಂಡಿದೆ. ಮಾಲಿಬ್ಡಿನಮ್, ನಿಯೋಬಿಯಮ್ ತೆಗೆದು ಟಂಗ್‌ಸ್ಟನ್, ಟ್ಯಾಂಟಲಮ್ ಹಾಕಿ, ವಿಕಿರಣ ಬೇಗ ತಗ್ಗೋ ಹಾಗೆ ಮಾಡಿದ ಸ್ಟೀಲ್.

ಆ ನ್ಯೂಟ್ರಾನ್‌ಗೆ ಮೂರನೇ ಕೆಲಸವೂ ಇದೆ. ಟ್ರಿಟಿಯಮ್ ಹುಟ್ಟಿಸೋದು. ಟ್ರಿಟಿಯಮ್ ಪ್ರಕೃತಿಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. 12 ವರ್ಷ ಚಿಲ್ಲರೆಗೆ ಅರ್ಧ ಕರಗಿಹೋಗುತ್ತೆ, ಕೂಡಿಡೋಕಾಗಲ್ಲ. ಸಾವಿರ ಮೆಗಾವಾಟ್ ಸಮ್ಮಿಲನ ಶಕ್ತಿಯನ್ನ ಒಂದು ವರ್ಷ ಬಿಡದೆ ಉತ್ಪಾದಿಸೋಕೆ ಸುಮಾರು 56 ಕಿಲೋ ಬೇಕು. ಜಗತ್ತಿನ ನಾಗರಿಕ ದಾಸ್ತಾನು, ಹೆಚ್ಚಾಗಿ ಕೆನಡಾದ ಭಾರಜಲ ರಿಯಾಕ್ಟರ್‌ಗಳಿಂದ ಬಂದದ್ದು, ಅಷ್ಟೂ ಇಲ್ಲ. ಹಾಗಾಗಿ ಗೋಡೆಯ ಹಿಂದೆ ಲಿಥಿಯಮ್ ಇಟ್ಟು, ನ್ಯೂಟ್ರಾನ್ ಅದಕ್ಕೆ ಬಡಿದು ಹೊಸ ಟ್ರಿಟಿಯಮ್ ಹುಟ್ಟೋ ಹಾಗೆ ಮಾಡಬೇಕು. ಲೆಕ್ಕ ಎಷ್ಟು ಬಿಗಿ ನೋಡಿ. ಒಂದು ಟ್ರಿಟಿಯಮ್ ಉರಿದ್ರೆ ಒಂದೇ ನ್ಯೂಟ್ರಾನ್ ಹುಟ್ಟುತ್ತೆ. ಆ ಒಂದರಿಂದ ಕನಿಷ್ಠ ಒಂದು ಟ್ರಿಟಿಯಮ್ ಮತ್ತೆ ಹುಟ್ಟಲೇಬೇಕು. ದಾರಿಯಲ್ಲಿ ಸ್ಟೀಲ್ ನುಂಗಿದ್ದು, ಪೈಪಿನ ಸಂದಿಗೆ ಹೋಗಿದ್ದು ಎಲ್ಲಾ ನಷ್ಟ. ಅದಕ್ಕೇ ಸೀಸ ಅಥವಾ ಬೆರಿಲಿಯಮ್ ಇಟ್ಟು ಒಂದು ನ್ಯೂಟ್ರಾನನ್ನ ಎರಡು ಮಾಡ್ತಾರೆ. ತಿಂಗಳ ಸಂಬಳದಲ್ಲಿ ಮನೆ ನಡೆಸಿ, ಅದರಲ್ಲೇ ಮುಂದಿನ ತಿಂಗಳ ಸಂಬಳವನ್ನೂ ಹುಟ್ಟಿಸಬೇಕು ಅಂದ ಹಾಗಾಯ್ತು. ಪೂರ್ತಿ ಪ್ರಮಾಣದಲ್ಲಿ ಇದನ್ನ ಈವರೆಗೆ ಯಾರೂ ಮಾಡಿ ತೋರಿಸಿಲ್ಲ. ಈಟರ್‌ನಲ್ಲಿ ಸಣ್ಣ ಮಾದರಿಗಳ ಪರೀಕ್ಷೆ ಮಾತ್ರ.

ಟ್ರಿಟಿಯಮ್ ಅಂದ್ರೆ ಹೈಡ್ರೋಜನ್ನೇ. ಬಿಸಿ ಸ್ಟೀಲಿನೊಳಗೆ ನುಸುಳುತ್ತೆ, ನೀರಿನ ರೂಪದಲ್ಲಿ ದೇಹಕ್ಕೂ ಸೇರುತ್ತೆ. ಉತ್ತರ ಕನ್ನಡದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. 2009ರ ನವೆಂಬರ್‌ನಲ್ಲಿ ಕೈಗಾ ಸ್ಥಾವರದಲ್ಲಿ ಟ್ರಿಟಿಯಮ್ ಇದ್ದ ಭಾರಜಲ ಕುಡಿಯೋ ನೀರಿನ ಕೂಲರ್‌ಗೆ ಸೇರಿ, 50ಕ್ಕೂ ಹೆಚ್ಚು ನೌಕರರ ದೇಹಕ್ಕೆ ಹೋಗಿತ್ತು. ಯಾರೋ ಬೇಕಂತಲೇ ಬೆರೆಸಿದ್ದು ಅಂತ ಆಗ ಅಧಿಕಾರಿಗಳು ಹೇಳಿದ್ರು. ಸಮ್ಮಿಲನ ಸ್ಥಾವರದಲ್ಲಿ ಕರಗಿ ಸ್ಫೋಟ ಆಗೋ ಭಯ ಇಲ್ಲ, ಅದು ನಿಜ. ಆದ್ರೆ "ಏನೂ ಅಪಾಯ ಇಲ್ಲದ ಶುದ್ಧ ಶಕ್ತಿ" ಅಂತ ರೀಲ್ಸ್‌ನಲ್ಲಿ ಹೇಳೋರು ಈ ಟ್ರಿಟಿಯಮ್ ಲೆಕ್ಕಪತ್ರ ಬಿಟ್ಟೇ ಹೇಳ್ತಾರೆ.

ಹಾಗಾದ್ರೆ ಇಲ್ಲೀವರೆಗೆ ಎಷ್ಟು ಸಿಕ್ಕಿದೆ? ಇಂಗ್ಲೆಂಡಿನ ಜೆಟ್ ಅನ್ನೋ ಟೋಕಾಮಾಕ್ 2023ರಲ್ಲಿ, ತಾನು ಮುಚ್ಚೋ ಮುಂಚೆ, 5.2 ಸೆಕೆಂಡಿನಲ್ಲಿ 69 ಮೆಗಾಜೂಲ್ ಕೊಟ್ಟಿತು. ಕಾಂತದಿಂದ ಹಿಡಿಯೋ ಯಂತ್ರಗಳಲ್ಲಿ ಅದು ದಾಖಲೆ. ಇಂಧನ 0.2 ಮಿಲಿಗ್ರಾಂ. ಕರೆಂಟ್ ಬಿಲ್ ಭಾಷೆಯಲ್ಲಿ 19 ಯೂನಿಟ್. ಅದನ್ನ ಪಡೆಯೋಕೆ ಖರ್ಚಾಗಿದ್ದು ಅದಕ್ಕಿಂತ ಜಾಸ್ತಿ. ಈಟರ್‌ನ ಗುರಿ, 50 ಮೆಗಾವಾಟ್ ಶಾಖ ಒಳಗೆ ಕೊಟ್ಟು 500 ಮೆಗಾವಾಟ್ ತೆಗೆಯೋದು. ಅದೂ ಶಾಖ. ಈಟರ್‌ಗೆ ಟರ್ಬೈನೇ ಇಲ್ಲ, ಒಂದು ಬಲ್ಬೂ ಅದರಿಂದ ಉರಿಯಲ್ಲ.

ಮೊದಲಿದ್ದ ಯೋಜನೆ ಪ್ರಕಾರ 2025ಕ್ಕೆ ಮೊದಲ ಪ್ಲಾಸ್ಮಾ ಆಗಬೇಕಿತ್ತು. ಪೈಪು, ಅಂಚು, ಕೋವಿಡ್, ಗೋಡೆ ಬದಲಾವಣೆ ಎಲ್ಲ ಸೇರಿ 2024ರ ಜುಲೈನಲ್ಲಿ ಹೊಸ ವೇಳಾಪಟ್ಟಿ ಬಂತು. ಪ್ರಯೋಗ ಶುರು 2034, ಕಾಂತಗಳಿಗೆ ಪೂರ್ತಿ ಶಕ್ತಿ 2036, ಡ್ಯೂಟೀರಿಯಮ್-ಟ್ರಿಟಿಯಮ್ ಉರಿಸೋದು 2039. ಹೆಚ್ಚುವರಿ ಖರ್ಚು 500 ಕೋಟಿ ಯೂರೋ. 2005ರಲ್ಲಿ ಹುಟ್ಟಿದವರಿಗೆ 2039ರಲ್ಲಿ 34 ವರ್ಷ. ಅಂದ್ರೆ ಈಗ ಕಾಲೇಜಲ್ಲಿ ಇರೋ ನೀವೇ ಆಗ ಅಲ್ಲಿ ಕೆಲಸ ಮಾಡ್ತಿರಬಹುದು.

ಖಾಸಗಿ ಕಂಪನಿಗಳು ಬೇಗ ಮಾಡ್ತೀವಿ ಅಂತಿವೆಯಲ್ಲ ಅಂತ ಕೇಳ್ತೀರಿ. ಅಮೆರಿಕದ ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ ಎಂಐಟಿ ಜೊತೆ ಸೇರಿ 2021ರ ಸೆಪ್ಟೆಂಬರ್‌ನಲ್ಲಿ ಹೊಸ ಬಗೆಯ ಅತಿವಾಹಕ ಪಟ್ಟಿಯಿಂದ 20 ಟೆಸ್ಲಾ ಕಾಂತ ಮಾಡಿ ತೋರಿಸಿತು. ಕ್ಷೇತ್ರ ಬಲವಾದಷ್ಟೂ ಯಂತ್ರ ಚಿಕ್ಕದಾಗುತ್ತೆ, ಬೇಗ ಕಟ್ಟಬಹುದು. ದೊಡ್ಡ ಹೆಜ್ಜೆ, ಅನುಮಾನ ಇಲ್ಲ. ಆದ್ರೆ ಯಂತ್ರ ಚಿಕ್ಕದಾದ್ರೆ ಅದೇ ಶಾಖ ಚಿಕ್ಕ ಗೋಡೆಗೆ ಬೀಳುತ್ತೆ. ಕಾಂತದ ಕಷ್ಟ ಇಳಿಸಿ ಗೋಡೆಯ ಕಷ್ಟ ಏರಿಸಿದ ಹಾಗೆ. ನ್ಯೂಟ್ರಾನ್, ಟ್ರಿಟಿಯಮ್ ಪ್ರಶ್ನೆ ಅವರಿಗೂ ತಪ್ಪಿದ್ದಲ್ಲ. ಹಾಗಾಗಿ ಮುಂದಿನ ಸಲ "ಇಷ್ಟು ಕೋಟಿ ಡಿಗ್ರಿ, ಇಷ್ಟು ಸೆಕೆಂಡ್" ಅನ್ನೋ ಸುದ್ದಿ ಬಂದಾಗ ನಾನು ಕೇಳೋದು ಎರಡೇ. ಟ್ರಿಟಿಯಮ್ ಎಲ್ಲಿಂದ? ಗೋಡೆ ಎಷ್ಟು ವರ್ಷ?

ಕಾದರಾಶ್‌ಗೆ ವಾಪಸ್ ಬಂದು ಮುಗಿಸ್ತೀನಿ. ಎತ್ತಿದ್ದ ಹೋಳಿನ ಪರದೆ ಬಿಚ್ಚಿ, ಅಂಚು ಸರಿಮಾಡಿ, ಮತ್ತೆ ಜೋಡಿಸಿದ್ರು. 2025ರಲ್ಲಿ ಸರಿಪಡಿಸಿದ ಹೋಳುಗಳು ಒಂದೊಂದಾಗಿ ಮತ್ತೆ ಗುಂಡಿಗೆ ಇಳಿಯೋಕೆ ಶುರುವಾದ್ವು. ಒಂಬತ್ತೂ ಸೇರಿ ಉಂಗುರ ಆದಮೇಲೆ, ಎರಡು ಗೋಡೆ ನಡುವೆ ಇರೋ ಬೆಂಗಳೂರಿನ ದಿಮ್ಮಿಗಳನ್ನ, ಪರದೆಯ ಹಿಂದಿನ ಆ ಪೈಪುಗಳನ್ನ ಯಾರೂ ಮತ್ತೆ ಕಣ್ಣಾರೆ ನೋಡಲ್ಲ. ಅದಕ್ಕೇ ಪ್ರತಿ ಪೈಪಿಗೂ ಮತ್ತೆ ಹೀಲಿಯಮ್ ಬಿಟ್ಟು, ಎಲ್ಲಾದ್ರೂ ಗುಳ್ಳೆ ಬರುತ್ತಾ ಅಂತ ಕಾಯಬೇಕು.

ಪ್ರಶ್ನೆ ಇದ್ರೆ ಕಳಿಸಿ, ವಾಯ್ಸ್ ನೋಟ್ ಆದ್ರೂ ಪರವಾಗಿಲ್ಲ.